ವೆಂಕಟರಂಗಯ್ಯನವರ ಹಪ್ಪಳದ ಪರೀಕ್ಷೆ

ಬಟವಾಡಿಯಲ್ಲಿ ಹೆದ್ದಾರಿಗೆ ಬೆನ್ನು ಹಾಕಿ ನಿಂತ ಒಂದು ಕಟ್ಟಡವಿದೆ. ಕೆಳಗೆ ಮೂಳೆ ಡಾಕ್ಟರ ಕ್ಲಿನಿಕ್ಕು, ಮೇಲೆ ನೀರಿನ ಟ್ಯಾಂಕು. ಇವೆರಡರ ನಡುವಿನ ಮಹಡಿಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ವೆಂಕಟರಂಗಯ್ಯ ಕೂರುತ್ತಾರೆ. ಆಕಾಶದಿಂದ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಿ, ಯಾವ ಚಿತ್ರ ಯಾವ ಅಳತೆಯ ನಕ್ಷೆಗೆ ಲಾಯಕ್ಕು ಎಂದು ಹೇಳಿ ಸಹಿ ಹಾಕುವುದು ಅವರ ಕೆಲಸ. ಸರ್ಕಾರಿ ನೌಕರಿಯಲ್ಲಿ ಮೂವತ್ತೊಂದು ವರ್ಷ ನಕ್ಷೆ ಬರೆದು ನಿವೃತ್ತರಾದ ಮೇಲೆ ರವೀಶ್ ಎಂಬುವನ ಈ ಖಾಸಗಿ ನಕ್ಷೆ ಕಂಪನಿಗೆ ಬಂದವರು. ಹಾಕಿದ ಸಹಿಯನ್ನು ಇಂದಿನವರೆಗೆ ಹಿಂದಕ್ಕೆ ತೆಗೆದುಕೊಂಡವರಲ್ಲ. ಇದನ್ನು ಅವರು ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ. ಕೇಳಿದವರ ಸಂಖ್ಯೆ ಕಡಿಮೆ.

ನಕ್ಷೆಗಳ ಅಳತೆ ಅರ್ಥವಾಗದ ವಿಷಯವೇನಲ್ಲ. ಐನೂರರ ನಕ್ಷೆಯಲ್ಲಿ ಕಾಗದದ ಒಂದು ಸೆಂಟಿಮೀಟರ್ ಎಂದರೆ ನೆಲದ ಐದು ಮೀಟರ್. ಅಂಥ ನಕ್ಷೆಯಲ್ಲಿ ಮನೆಯ ಗೋಡೆ, ಜಗಲಿ, ಚರಂಡಿ ಎಲ್ಲ ಕಾಣಬೇಕು. ಎರಡು ಸಾವಿರದ ನಕ್ಷೆಯಲ್ಲಿ ಮನೆ ಕಂಡರೆ ಸಾಕು. ಹತ್ತು ಸಾವಿರದ ನಕ್ಷೆಯಲ್ಲಿ ಊರು ಎಲ್ಲಿದೆ ಎಂದು ತಿಳಿದರೆ ಪುಣ್ಯ. ಯಾವ ನಕ್ಷೆಗೆ ಎಷ್ಟು ಸ್ಪಷ್ಟವಾದ ಚಿತ್ರ ಬೇಕೋ ಅಷ್ಟು ಸ್ಪಷ್ಟವಾಗಿದೆಯೇ ಎಂದು ನೋಡುವ ಕಣ್ಣು ವೆಂಕಟರಂಗಯ್ಯನವರದು. ತೊಂದರೆ ಏನೆಂದರೆ, ಆ ಕಣ್ಣನ್ನು ಅವರು ಆಫೀಸಿನಲ್ಲಿ ಬಿಟ್ಟು ಮನೆಗೆ ಬರುವುದಿಲ್ಲ.

ಷಡ್ಡಕನ ಮಗಳಿಗೆ ಗಂಡು ನೋಡಲು ಹೋದಾಗ, ಹುಡುಗ ಹೇಗಿದ್ದಾನೆ ಎಂದು ಕೇಳಿದವರಿಗೆ, "ಎರಡು ಸಾವಿರಕ್ಕೆ ಅಡ್ಡಿಯಿಲ್ಲ. ಐನೂರಕ್ಕೆ ಹತ್ತಿರದಿಂದ ನೋಡ್ಬೇಕು" ಎಂದರು. ಹುಡುಗನನ್ನು ಬಾಗಿಲ ಬೆಳಕಿಗೆ ಕರೆತಂದು ಮತ್ತೊಮ್ಮೆ ತೋರಿಸಬೇಕಾಯಿತು. ಆ ಸಂಬಂಧ ಕೂಡಲಿಲ್ಲ. ಮನೆಗೆ ಬಂದ ಮೇಲೆ ಹೆಂಡತಿ ಪ್ರಮೀಳಾ ಕೇಳಿದರು, "ಅಲ್ಲಾರೀ, ನನ್ನ ಯಾವ ಅಳತೆಗೆ ನೋಡಿ ಒಪ್ಕೊಂಡ್ರಿ ನೀವು?"

"ಆಗೆಲ್ಲ ಕಪ್ಪು ಬಿಳುಪು ಕಣೇ. ದೋಷ ಗೊತ್ತಾಗ್ತಿರ್ಲಿಲ್ಲ."

ಆ ದಿನ ಮಧ್ಯಾಹ್ನ ಅವರಿಗೆ ಅನ್ನದ ಜೊತೆ ಬರೀ ತಿಳಿಸಾರು ಸಿಕ್ಕಿತು, ಅದೂ ತಣ್ಣಗಿತ್ತು.

ಚಿತ್ರ ಪರೀಕ್ಷಿಸಲು ಅವರದೇ ಒಂದು ವಿಧಾನವಿತ್ತು. ಚಿತ್ರದ ಕಡತದಲ್ಲಿ, ಇದರ ಒಂದೊಂದು ಚುಕ್ಕೆಯೂ ನೆಲದ ಐದು ಸೆಂಟಿಮೀಟರಿಗೆ ಸಮ ಎಂದು ಬರೆದಿರುತ್ತದೆ. ಬರೆದದ್ದೆಲ್ಲ ನಿಜವಾಗಿದ್ದರೆ ಜಗತ್ತಿನಲ್ಲಿ ಪರಿಶೀಲಕರು ಏಕೆ ಬೇಕು ಎಂಬುದು ಅವರ ವಾದ. ಆದ್ದರಿಂದ ನೆಲದ ಮೇಲೆ ಗಾತ್ರ ಗೊತ್ತಿರುವ ಒಂದು ವಸ್ತುವನ್ನು ಇಟ್ಟು, ಅದು ಚಿತ್ರದಲ್ಲಿ ಹೇಗೆ ಕಾಣುತ್ತದೆಂದು ನೋಡಬೇಕು. ಮೊದಲ ಸಲ ಕುಣಿಗಲ್ಲಿನ ಕೆಲಸ ಬಂದಾಗ ಅವರು ಅಲ್ಲಿಯ ಫಾರಮ್ಮಿನ ಕುದುರೆಗಳನ್ನು ಆರಿಸಿಕೊಂಡಿದ್ದರು. ಕುದುರೆ ಚುಕ್ಕೆಯಾಗಿ ಕಂಡರೆ ಹತ್ತು ಸಾವಿರಕ್ಕೆ, ಉದ್ದವಾಗಿ ಕಂಡರೆ ಎರಡು ಸಾವಿರಕ್ಕೆ, ಬಾಲ ಕಂಡರೆ ಐನೂರಕ್ಕೆ. ವಿಧಾನ ಚೆನ್ನಾಗಿಯೇ ಇತ್ತು. ಆದರೆ ಡ್ರೋನಿನ ಸದ್ದಿಗೆ ಕುದುರೆಗಳು ಓಡಿದವು. ಓಡಿದ ಕುದುರೆಯ ಬಾಲ ಒಂದು ಚಿತ್ರದಲ್ಲಿ ಎರಡಾಗಿ ಬಂತು. ಅಂದಿನಿಂದ ಜೀವವಿರುವ ಯಾವುದನ್ನೂ ನಂಬಬಾರದೆಂದು ತೀರ್ಮಾನಿಸಿ ಅವರು ಹಪ್ಪಳಕ್ಕೆ ಬಂದರು.

ಹಪ್ಪಳ ಅವರ ತಂಗಿ ಗಂಗಲಕ್ಷ್ಮಮ್ಮನದು. ಆಕೆ ಇರುವುದು ಗುಬ್ಬಿಯಿಂದ ಮೂರು ಮೈಲಿ ಆಚೆ, ಕಂಬದಪಾಳ್ಯದಲ್ಲಿ. ಗಂಡ ತೆಂಗಿನ ತೋಟ ನೋಡಿಕೊಳ್ಳುತ್ತಾನೆ, ಆಕೆ ಉಳಿದದ್ದೆಲ್ಲವನ್ನೂ ನೋಡಿಕೊಳ್ಳುತ್ತಾಳೆ. ಶಿವರಾತ್ರಿ ಕಳೆದು ಬಿಸಿಲು ಬಲಿತಿತೆಂದರೆ ಆಕೆ ಮನೆಯ ತಾರಸಿಯ ಮೇಲೆ ಹಳೆಯ ಕರಿ ಸೀರೆ ಹಾಸಿ ಅಕ್ಕಿ ಹಪ್ಪಳ ಒಣಗಹಾಕುತ್ತಾಳೆ. ಲಟ್ಟಿಸಿದ ಹಪ್ಪಳಕ್ಕೆ ಒಂದು ಸ್ಟೀಲ್ ಡಬ್ಬಿಯ ಮುಚ್ಚಳ ಒತ್ತಿ ಅಂಚು ತೆಗೆಯುವುದರಿಂದ ಎಲ್ಲವೂ ಒಂದೇ ಗಾತ್ರ, ಹದಿನೈದು ಸೆಂಟಿಮೀಟರ್. ನಡುವೆ ನಾಲ್ಕು ಬೆರಳಿನ ಜಾಗ. ಸಾಲಿಗೆ ಹನ್ನೆರಡರಂತೆ ಐದು ಸಾಲು, ಒಟ್ಟು ಅರವತ್ತು. ಕಪ್ಪು ಬಟ್ಟೆಯ ಮೇಲೆ ಬಿಳಿ ವೃತ್ತ. ಇದಕ್ಕಿಂತ ಒಳ್ಳೆಯ ಗುರುತು ಯಾವ ದೇಶದಲ್ಲಿ ಸಿಗುತ್ತದೆ?

ಕಂಬದಪಾಳ್ಯದ ಸುತ್ತಮುತ್ತ ಯಾವ ಹಾರಾಟವಾದರೂ ವೆಂಕಟರಂಗಯ್ಯ ಮೊದಲು ತಂಗಿಯ ತಾರಸಿ ಹುಡುಕುತ್ತಿದ್ದರು. ಹಪ್ಪಳಗಳನ್ನು ಒಂದೊಂದಾಗಿ ಎಣಿಸಲು ಬಂದರೆ ಚಿತ್ರ ಐನೂರಕ್ಕೆ ಆಗುತ್ತದೆ. ಸಾಲು ಮಾತ್ರ ಕಂಡರೆ ಎರಡು ಸಾವಿರಕ್ಕೆ. ಹಪ್ಪಳ ಸೀರೆ ಎರಡೂ ಸೇರಿ ಬೂದು ಬಣ್ಣವಾಗಿ ಕಂಡರೆ ಹತ್ತು ಸಾವಿರಕ್ಕೆ. ಒಣಗುತ್ತ ಹೋದಂತೆ ಹಪ್ಪಳ ಮುದುರುವುದರಿಂದ, ಬೆಳಗ್ಗೆ ಹತ್ತಕ್ಕೆ ಎಷ್ಟು, ಮಧ್ಯಾಹ್ನ ಎರಡಕ್ಕೆ ಎಷ್ಟು ಎಂಬ ಪಟ್ಟಿಯನ್ನೂ ಅವರು ಮಾಡಿಟ್ಟಿದ್ದರು. ಅದಕ್ಕಾಗಿ ಒಂದು ಭಾನುವಾರವಿಡೀ ತಾರಸಿಯ ಮೇಲೆ ಟೇಪು ಹಿಡಿದು ಕೂತು ಹಣೆಯ ಚರ್ಮ ಸುಲಿಸಿಕೊಂಡಿದ್ದರು.

ಗಂಗಲಕ್ಷ್ಮಮ್ಮನಿಗೆ ಈ ಕೆಲಸದಲ್ಲಿ ಅಣ್ಣನಿಗಿಂತ ಹೆಚ್ಚು ಶ್ರದ್ಧೆ. ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆ ಕಡೆಯಿಂದ ಸದ್ದು ಕೇಳಿದರೂ ಸಾಕು, ಅಣ್ಣನ ಡ್ರೋನೇ ಬಂತೆಂದು ಏಣಿ ಹತ್ತಿ, ಕಾಗೆಗಾಗಿ ಮುಚ್ಚಿದ ಸೊಳ್ಳೆಪರದೆ ಸರಿಸಿ, ಸೆರಗು ಸರಿಮಾಡಿಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಹೆಲಿಕಾಪ್ಟರ್ ಹೋಗುತ್ತಿತ್ತು. ಕಾಗೆ ಬರುತ್ತಿತ್ತು.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಕೃತಿಕಾ ಬಂದಳು. ಎಂಜಿನಿಯರಿಂಗ್ ಓದಿದ ಹುಡುಗಿ, ಇಪ್ಪತ್ತೈದು ವರ್ಷ, ಮಾತು ಕಡಿಮೆ. ಮೊದಲ ವಾರದಲ್ಲೇ ಅವಳು ಪರಿಶೀಲನೆಯ ರಿಜಿಸ್ಟರನ್ನು ಓದಿ, "ಸರ್, ಇಲ್ಲಿ ಗುರುತು ಅನ್ನೋ ಕಾಲಮ್ಮಲ್ಲಿ ಎಲ್ಲಾ ಕಡೆ ಹಪ್ಪಳ ಅಂತಿದೆ" ಎಂದಳು.

"ಹೌದಮ್ಮ."

"ತಿನ್ನೋ ಹಪ್ಪಳಾನಾ?"

"ಫೋಟೋ ತೆಗೆದ ಮೇಲೆ ತಿಂತೀವಿ."

ಅವಳು ನಗಲಿಲ್ಲ. ಇಂಥ ಪರೀಕ್ಷೆಗೆಂದೇ ಕಪ್ಪು ಬಿಳಿ ಕಿರಣಗಳ ನಕ್ಷತ್ರ ಅಚ್ಚು ಹಾಕಿದ ಬಟ್ಟೆ ಸಿಗುತ್ತದೆ, ಜೊತೆಗೆ ಚಿತ್ರವನ್ನು ತಾನೇ ಪರಿಶೀಲಿಸಿ ವರದಿ ಕೊಡುವ ಸಾಫ್ಟ್‌ವೇರ್ ಇದೆ ಎಂದು ರವೀಶನಿಗೆ ಹೇಳಿದಳು. ರವೀಶ ಹೊಸದೆಂದರೆ ಮರುಳಾಗುವವನು. ಆದರೂ ಹಿರಿಯರ ಮುಖ ನೋಡಿ ಒಂದು ಒಪ್ಪಂದ ಮಾಡಿದ. "ರಂಗಯ್ಯನವ್ರೇ, ಈಗ ಕಂಬದಪಾಳ್ಯದ ಊರು ನಕ್ಷೆ ಬಂದೈತೆ. ಐನೂರರ ಅಳತೆ. ಸಾಫ್ಟ್‌ವೇರೂ ನೋಡ್ಲಿ, ನಿಮ್ಮ ಹಪ್ಪಳಾನೂ ನೋಡ್ಲಿ. ಎರಡೂ ಒಂದೇ ಹೇಳಿದ್ರೆ ನಿಮ್ಮ ಕುರ್ಚಿ ನಿಮ್ದೇ. ಹಪ್ಪಳ ತಪ್ಪು ಹೇಳಿದ್ರೆ ಮುಂದಿನ ತಿಂಗ್ಳಿಂದ ಸಹಿ ಸಾಫ್ಟ್‌ವೇರಿಂದು. ನೀವು ಸುಮ್ನೆ ಬಂದು ಕಾಫಿ ಕುಡ್ಕೊಂಡು ಹೋಗ್ಬಹುದು."

ಸುಮ್ಮನೆ ಬಂದು ಕಾಫಿ ಕುಡಿಯುವುದು ಎಂಬ ಮಾತು ವೆಂಕಟರಂಗಯ್ಯನವರಿಗೆ ತಟ್ಟಿತು. ಸರ್ಕಾರಿ ನೌಕರಿಯಲ್ಲಿ ಮೂವತ್ತೊಂದು ವರ್ಷ ಅದನ್ನು ಮಾಡದೆ ಇದ್ದ ಒಬ್ಬರೇ ಒಬ್ಬರು ತಾವು ಎಂಬ ಹೆಮ್ಮೆ ಅವರದು. ಅಂದು ಸಂಜೆ ತಂಗಿಗೆ ಫೋನು ಮಾಡಿ ಸಂಕಟ ತೋಡಿಕೊಂಡರು. "ಈ ಸಲ ಹಪ್ಪಳ ಸರಿಯಾಗಿ ಕಾಣ್ದಿದ್ರೆ ನನ್ನ ಕುರ್ಚಿ ಹೋಯ್ತದೆ ಕಣಮ್ಮ ಗಂಗಾ."

"ನೀನು ಯೋಚ್ನೆ ಮಾಡ್ಬ್ಯಾಡ ಬುಡಣ್ಣ. ನಾನಿಲ್ವಾ" ಎಂದಳು ಗಂಗಲಕ್ಷ್ಮಮ್ಮ.

ಬೇರೆಯವರಾಗಿದ್ದರೆ ಈ ಮಾತಿಗೆ ಹೆದರುತ್ತಿದ್ದರು. ಇವರು ನೆಮ್ಮದಿಯಿಂದ ಮಲಗಿದರು.

ಹತ್ತು ದಿನದ ನಂತರ ಕಂಬದಪಾಳ್ಯದ ಚಿತ್ರ ಬಂತು. ಹಾರಿಸಿದವರು ಬೆಂಗಳೂರಿನ ಯಾವುದೋ ಗುತ್ತಿಗೆಯವರು. ಸಾಫ್ಟ್‌ವೇರ್ ಅರ್ಧ ನಿಮಿಷದಲ್ಲಿ ಹಸಿರು ಟಿಕ್ಕು ತೋರಿಸಿತು: ಚುಕ್ಕೆಗೆ ಐದು ಸೆಂಟಿಮೀಟರ್, ಐನೂರಕ್ಕೆ ಯೋಗ್ಯ. ವೆಂಕಟರಂಗಯ್ಯ ಕನ್ನಡಕ ಒರೆಸಿಕೊಂಡು, ತೋಟ ದಾಟಿ, ದೇವಸ್ಥಾನದ ಮೂಲೆ ತಿರುಗಿ, ತಂಗಿಯ ತಾರಸಿಗೆ ಬಂದು ನಿಂತರು. ಕರಿ ಸೀರೆ ಇತ್ತು. ಅದರ ಮೇಲೆ ಬಿಳಿ ಬಿಳಿ ಹಪ್ಪಳ, ಒಂದಕ್ಕೊಂದು ತಾಗದಂತೆ. ಬೆರಳಿಟ್ಟು ಎಣಿಸಿದರು. ಹದಿನೆಂಟು.

"ಅರವತ್ತು ಇರ್ಬೇಕಲ್ವಾ ಸರ್?" ಎಂದಳು ಹಿಂದೆ ನಿಂತಿದ್ದ ಕೃತಿಕಾ.

"ಮೊಣಕಾಲು ನೋವಮ್ಮ ಅವಳಿಗೆ. ಈ ವರ್ಷ ಕಮ್ಮಿ ಮಾಡವ್ಳೆ, ಪಾಪ."

"ಸ್ವಲ್ಪ ದೊಡ್ಡವಾಗೂ ಕಾಣ್ತವೆ."

"ಬಿಳೀ ವಸ್ತು ಬಿಸ್ಲಿಗೆ ಹೊಳೆದ್ರೆ ದೊಡ್ಡದಾಗೇ ಕಾಣೋದು. ಇದು ಅನುಭವದ ಮಾತು, ಬರ್ಕೊ."

"ಅಳೆದು ನೋಡೋಣ್ವಾ?"

ವೆಂಕಟರಂಗಯ್ಯ ಕುರ್ಚಿಯನ್ನು ಪೂರ್ತಿ ತಿರುಗಿಸಿ ಅವಳನ್ನು ನೋಡಿದರು. ಗಂಗಲಕ್ಷ್ಮಮ್ಮನ ಹಪ್ಪಳವನ್ನು ಅಳೆಯುವುದೆಂದರೆ ಅಳತೆಗೋಲನ್ನೇ ಅಳೆದಂತೆ. ಅದೆಂಥ ಓದು ಓದಿದ ಹುಡುಗಿಯರು ಇವರು ಎಂದುಕೊಂಡು ಸಹಿ ಹಾಕಿದರು. ಸಹಿಯ ಕೆಳಗೆ ಎಳೆಯುವ ಗೆರೆ ಆ ದಿನ ಎಂದಿಗಿಂತ ಉದ್ದವಾಗಿತ್ತು. ಶುಕ್ರವಾರ ಸಂಜೆ ಕಡತ ಕುಣಿಗಲ್ಲಿಗೆ ಹೊರಟಿತು. ಅಲ್ಲಿ ಗ್ರಾಮ ನಕ್ಷೆ ಪರಿಶೀಲನಾ ಕಚೇರಿಯ ಅಧಿಕಾರಿ ಏಜಾಜ್ ಅಹಮದ್ ಸೋಮವಾರ ಅದನ್ನು ಒಪ್ಪಿದರೆ ಕೆಲಸ ಮುಗಿದಂತೆ. ರವೀಶ ಎಲ್ಲರಿಗೂ ಬಾದುಷಾ ತರಿಸಿದ. ವೆಂಕಟರಂಗಯ್ಯ ತಮ್ಮ ಪಾಲಿನದನ್ನು ತಿಂದು, ಸಕ್ಕರೆ ಬೇಡವೆಂದ ಕೃತಿಕಾಳದನ್ನೂ ತಿಂದರು.

ಶನಿವಾರ ಗುಬ್ಬಿಯ ಬಸ್ಸಿನಲ್ಲಿ ತಂಗಿ ಕಳಿಸಿದ ಒಂದು ರಟ್ಟಿನ ಪೆಟ್ಟಿಗೆ ಬಂತು. ಭಾನುವಾರ ಮಧ್ಯಾಹ್ನ ವೆಂಕಟರಂಗಯ್ಯ ಎಲೆಯ ಮುಂದೆ ಕೂತು ಹುಳಿ ಕಲಸಿಕೊಂಡು ಕಾಯುತ್ತಿದ್ದರು. ಅಡುಗೆಮನೆಯಿಂದ ಎಣ್ಣೆಯ ಸದ್ದು ಬರಲಿಲ್ಲ. ಪ್ರಮೀಳಾ ಅವರ ಸದ್ದು ಬಂತು.

"ರೀ, ಇದು ಬಾಣಲೆಗೆ ಇಳೀತಿಲ್ಲ."

"ಏನು ಇಳೀತಿಲ್ಲ?"

"ನಿಮ್ಮ ತಂಗಿ ಹಪ್ಪಳ. ಅಗಲ ನೋಡಿ ಇದ್ರದ್ದು. ಮುರಿದು ಹಾಕ್ಲಾ?"

"ಮುರೀಬೇಡ" ಎನ್ನುತ್ತ ವೆಂಕಟರಂಗಯ್ಯ ಎದ್ದರು. ಊಟದ ನಡುವೆ ಅವರು ಎದ್ದದ್ದು ಮದುವೆಯಾದ ಮೇಲೆ ಅದೇ ಮೊದಲು. ಎಂಜಲು ಕೈಯಲ್ಲೇ ಟೇಪು ಹಿಡಿದು ಅಳೆದರು. ಇಪ್ಪತ್ತೊಂಬತ್ತು ಸೆಂಟಿಮೀಟರ್. ಇನ್ನೊಂದು ಅಳೆದರು. ಅದೂ ಇಪ್ಪತ್ತೊಂಬತ್ತು. ಗಂಗಲಕ್ಷ್ಮಮ್ಮನ ಕೈ ಕರಾರುವಾಕ್ಕು, ಅದರಲ್ಲಿ ಸಂಶಯವಿರಲಿಲ್ಲ.

ಫೋನು ಹಚ್ಚಿದರು. "ಏನಮ್ಮ ಇದು, ಹಪ್ಪಳ ಇಷ್ಟು ದೊಡ್ದು?"

"ಕಾಣ್ತಾ ಅಣ್ಣ?" ಆಕೆಯ ಸ್ವರದಲ್ಲಿ ಸಂಭ್ರಮ. "ಚೆನ್ನಾಗಿ ಕಾಣ್ತಾ? ನಿನ್ನ ಕುರ್ಚಿ ಹೋಯ್ತದೆ ಅಂದ್ಯಲ್ಲ. ಅದ್ಕೇ ಡಬ್ಬಿ ಮುಚ್ಚಳ ಬುಟ್ಟು ದೊಡ್ಡ ಅನ್ನದ ತಪ್ಪಲೆ ಮುಚ್ಚಳದಾಗೆ ಒತ್ತಿದೆ. ಒಂದಕ್ಕೊಂದು ತಾಗ್ಬಾರ್ದು ಅಂತ ಗೇಣು ಗೇಣು ಬುಟ್ಟು ಹಾಕಿದೀನಿ. ಹದ್ನೆಂಟೇ ಹಿಡುದ್ವು. ಹೋಗ್ಲಿ ಬುಡು, ನಿನಗಿಂತ ಹಪ್ಪಳ ಹೆಚ್ಚಾ?"

ವೆಂಕಟರಂಗಯ್ಯ ಗೋಡೆಗೆ ಒರಗಿದರು. ಎರಡರಷ್ಟು ದೊಡ್ಡ ಹಪ್ಪಳ, ಮೂರರಷ್ಟು ದೊಡ್ಡ ಸಂದು. ಹಾಗಾದರೆ ಅರ್ಧದಷ್ಟೇ ಸ್ಪಷ್ಟವಾದ ಚಿತ್ರದಲ್ಲೂ ಅವನ್ನು ಎಣಿಸಲು ಬರುತ್ತದೆ. ಐನೂರಕ್ಕೆ ಎಂದು ಅವರು ಸಹಿ ಹಾಕಿದ ಚಿತ್ರ ಎರಡು ಸಾವಿರಕ್ಕಷ್ಟೇ ಆಗುವಂಥದ್ದು ಇರಬಹುದು. ಹಪ್ಪಳ ಬಾಣಲೆಯವರೆಗೆ ಬರುವ ತನಕ ಅದು ಯಾರಿಗೂ ಗೊತ್ತಾಗಿರಲಿಲ್ಲ.

ಹಾಗೇ ಚಪ್ಪಲಿ ಮೆಟ್ಟಿ ಆಫೀಸಿಗೆ ಹೋಗಿ, ಬೀಗ ತೆಗೆದು, ಚಿತ್ರ ತೆರೆದರು. ಈ ಸಲ ಅಳೆದರು. ಇಪ್ಪತ್ತೊಂಬತ್ತು, ಅಂಚು ಮಸುಕು. ತಂಗಿಯ ಮನೆಗೂ ಪಕ್ಕದ ಹೊಂಬಾಳಮ್ಮನ ಮನೆಗೂ ನಡುವಿನ ಗೋಡೆಯನ್ನು ನೋಡಿದರು. ಗೋಡೆ ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಗುತ್ತದೆಂದು ತಿಳಿಯಲಿಲ್ಲ. ಗೆರೆಯನ್ನು ಅರ್ಧ ಗೇಣು ಅತ್ತ ಎಳೆದರೂ ನಡೆಯುತ್ತಿತ್ತು, ಇತ್ತ ಎಳೆದರೂ ನಡೆಯುತ್ತಿತ್ತು. ಅತ್ತ ಎಳೆದರೆ ಹೊಂಬಾಳಮ್ಮನ ಬಚ್ಚಲ ಗೂಡು ಗಂಗಲಕ್ಷ್ಮಮ್ಮನದಾಗುತ್ತದೆ. ತೆಂಗಿನ ಗರಿ ಯಾರ ಕಡೆ ಬಿತ್ತೆಂದು ಆ ಇಬ್ಬರೂ ಈಗಾಗಲೇ ಏಳು ವರ್ಷದಿಂದ ಮಾತು ಬಿಟ್ಟಿದ್ದರು. ಬಚ್ಚಲೂ ಸೇರಿದರೆ ಮಾತು ಮತ್ತೆ ಶುರುವಾಗುವ ಅಪಾಯವಿತ್ತು.

ಮನೆಗೆ ಬಂದಾಗ ಪ್ರಮೀಳಾ ಸಮಾಧಾನ ಹೇಳಿದರು. "ಸಾಫ್ಟ್‌ವೇರೂ ಸರಿ ಅಂದೈತೆ, ನೀವೂ ಸರಿ ಅಂದಿದೀರ. ಇನ್ಯಾರು ಕೇಳ್ತಾರೆ? ಹಪ್ಪಳ ತಿಂದು ಮುಗ್ಸೋಣ. ಸಾಕ್ಷಿನೇ ಇರಲ್ಲ."

ವೆಂಕಟರಂಗಯ್ಯ ಪೆಟ್ಟಿಗೆಯಲ್ಲಿದ್ದ ಹಪ್ಪಳ ಎಣಿಸಿದರು. ಹತ್ತು. ತಲೆಗೆ ಐದು. ಮಾಡಲಾಗದ ಕೆಲಸವೇನಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಕುರ್ಚಿ ಉಳಿಯುತ್ತದೆ. ಹೇಳಿದರೆ ಕುರ್ಚಿಯೂ ಹೋಗುತ್ತದೆ, ಸಹಿ ಹಿಂದಕ್ಕೆ ತೆಗೆದುಕೊಂಡಿಲ್ಲ ಎಂಬ ಮಾತೂ ಹೋಗುತ್ತದೆ. ಬಹಳ ಹೊತ್ತು ಯೋಚಿಸಿದರು. ಕೊನೆಗೆ ಅವರನ್ನು ಸರಿದಾರಿಗೆ ತಂದದ್ದು ಸತ್ಯನಿಷ್ಠೆ ಎನ್ನುವುದಕ್ಕಿಂತ ಜಂಬ ಎನ್ನುವುದು ಸರಿ. ತಪ್ಪು ನಕ್ಷೆಯ ಕೆಳಗೆ ಆ ಉದ್ದ ಗೆರೆಯ ಸಹಿ ಶಾಶ್ವತವಾಗಿ ಕೂತಿರುವುದನ್ನು ಅವರಿಂದ ಕಲ್ಪಿಸಿಕೊಳ್ಳಲಾಗಲಿಲ್ಲ.

"ನಾಳೆ ಕುಣಿಗಲ್ಲಿಗೆ ಹೋಗ್ತೀನಿ. ಒಂದು ಹಪ್ಪಳ ತಗೊಂಡೋಗ್ಬೇಕು. ಇಡೀದು."

ಇಪ್ಪತ್ತೊಂಬತ್ತು ಸೆಂಟಿಮೀಟರಿನ ಕರಿಯದ ಹಪ್ಪಳವನ್ನು ಬಸ್ಸಿನಲ್ಲಿ ಮುರಿಯದಂತೆ ಒಯ್ಯುವುದು ಸುಲಭವಲ್ಲ. ಬ್ಯಾಗಿಗೆ ಹಿಡಿಸಲಿಲ್ಲ. ತಟ್ಟೆಯಲ್ಲಿಟ್ಟರೆ ನೈವೇದ್ಯದಂತೆ ಕಂಡಿತು. ಸೋಮವಾರ ಬೆಳಗ್ಗೆ ಆಫೀಸಿನ ಕೆಳಗಿನ ಮೂಳೆ ಡಾಕ್ಟರ ಕ್ಲಿನಿಕ್ಕಿಗೆ ಹೋಗಿ ಕಾಂಪೌಂಡರನ್ನು ಕಾಡಿ ಎಕ್ಸ್‌ರೇ ಇಡುವ ಒಂದು ದೊಡ್ಡ ಲಕೋಟೆ ಪಡೆದರು. ಎರಡು ರಟ್ಟಿನ ನಡುವೆ ಹಪ್ಪಳ ಇಟ್ಟು ಅದರೊಳಗೆ ಸೇರಿಸಿದರೆ ಹೇಳಿ ಮಾಡಿಸಿದಂತೆ ಕೂತಿತು.

ಕುಣಿಗಲ್ ಬಸ್ಸಿನಲ್ಲಿ ಜನ ಎದ್ದು ಜಾಗ ಕೊಟ್ಟರು. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬಳು ಲಕೋಟೆಯನ್ನೂ ಅವರ ಮುಖವನ್ನೂ ನೋಡಿ ಮರುಗಿದಳು.

"ಎಲ್ಲಿ ಮುರ್ದೈತಪ್ಪ?"

"ಇನ್ನೂ ಮುರಿದಿಲ್ಲ. ಮುರೀಬಾರ್ದು ಅಂತಲೇ ಹಿಡ್ಕೊಂಡಿದೀನಿ."

"ಹಂಗಂದ್ರೆ?"

"ಇದ್ರ ಮೇಲೆ ಕೈ ಇಡ್ಬೇಡಿ ಅಜ್ಜಿ."

ಅಜ್ಜಿ ಮುಂದಿನ ಸೀಟಿನವರಿಗೆ, ಪಾಪ, ತಲೆಗೆ ಏಟು ಬಿದ್ದಿದೆ ಎಂದು ಪಿಸುಗುಟ್ಟಿದಳು. ಕುಣಿಗಲ್ ಕೆರೆ ಕಾಣಿಸುವವರೆಗೆ ಯಾರೂ ಅವರ ಕಡೆ ತಿರುಗಲಿಲ್ಲ. ರಸ್ತೆಯ ಪ್ರತಿ ಉಬ್ಬಿಗೂ ವೆಂಕಟರಂಗಯ್ಯ ಲಕೋಟೆಯನ್ನು ಎದೆಗೆ ಹಿಡಿದು ಸೀಟಿನಿಂದ ಅರ್ಧ ಅಡಿ ಮೇಲೇಳುತ್ತಿದ್ದರು. ಜೊತೆಗೆ ಅಜ್ಜಿಯೂ ಏಳುತ್ತಿದ್ದಳು.

ಏಜಾಜ್ ಅಹಮದ್ ನಯವಾದ ಮನುಷ್ಯರು. ಯಾರು ಬಂದರೂ ಕೂರಿಸಿ ಮಾತನಾಡುವವರು. ಲಕೋಟೆ ನೋಡಿದೊಡನೆ ಅವರೂ ಎದ್ದರು. "ಬನ್ನಿ ರಂಗಯ್ಯನವ್ರೇ, ಕೂತ್ಕೊಳಿ. ಹುಷಾರು. ಏನಾಯ್ತು?"

ವೆಂಕಟರಂಗಯ್ಯ ಹಪ್ಪಳ ಹೊರತೆಗೆದು ಮೇಜಿನ ಮೇಲಿಟ್ಟರು. ಅಂಚಿನಲ್ಲಿ ಒಂದು ಚೂರೂ ಮುಕ್ಕಾಗಿರಲಿಲ್ಲ. "ಸಾರ್, ಕಂಬದಪಾಳ್ಯದ ಚಿತ್ರಕ್ಕೆ ನಾನು ಹಾಕಿರೋ ಸಹಿ ವಾಪಸ್ ತಗೋಬೇಕು. ಕಾರಣ ಇದು."

ಅಧಿಕಾರಿ ಹಪ್ಪಳವನ್ನು ನೋಡಿದರು. ಬಾಗಿಲಾಚೆ ಕಾಯುತ್ತಿದ್ದವರನ್ನು ನೋಡಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ಮೊದ್ಲಿಂದ ಹೇಳಿ" ಎಂದರು.

ವೆಂಕಟರಂಗಯ್ಯ ಮೊದಲಿನಿಂದ, ಎಂದರೆ ಕುದುರೆಗಳಿಂದ, ಹೇಳಿದರು. ಏಜಾಜ್ ಅಹಮದ್ ನಡುವೆ ಒಂದೇ ಒಂದು ಪ್ರಶ್ನೆ ಕೇಳಿದರು, ಬಾಲ ಎರಡಾಗಿ ಬಂದ ಚಿತ್ರ ಈಗಲೂ ಇದೆಯೇ ಎಂದು. ಮುಗಿದ ಮೇಲೆ ತಮ್ಮ ಸ್ಕೇಲಿನಿಂದ ಹಪ್ಪಳವನ್ನು ಅಡ್ಡಕ್ಕೂ ಉದ್ದಕ್ಕೂ ಅಳೆದರು. ಕಂಪ್ಯೂಟರಿನಲ್ಲಿ ತಾರಸಿ ನೋಡಿದರು, ಗೋಡೆ ನೋಡಿದರು.

"ಸಾಫ್ಟ್‌ವೇರ್ ಐದು ಅಂದಿದೆಯಲ್ಲ?"

"ಕಡತದಲ್ಲಿ ಐದು ಅಂತ ಬರ್ದಿತ್ತು ಸಾರ್. ಅದು ಚಿತ್ರ ನೋಡ್ಲಿಲ್ಲ, ಬರ್ದಿದ್ದು ಓದ್ತು. ನಾನು ಚಿತ್ರ ನೋಡ್ದೆ, ಹಪ್ಪಳ ನೋಡ್ಲಿಲ್ಲ."

ಅಧಿಕಾರಿ ಡ್ರೋನ್ ಹಾರಿಸಿದವನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದರು. ಎಷ್ಟು ಎತ್ತರದಲ್ಲಿ ಹಾರಿಸಿದಿರಿ ಎಂದು ಕೇಳಿದರು. ಆಚೆಯವನು ಸ್ವಲ್ಪ ಹೊತ್ತು ಕೆಮ್ಮಿದ.

"ಸಾರ್, ಒಂದು ಹದ್ದು ಬೆನ್ನು ಬಿದ್ದಿತ್ತು. ಡ್ರೋನ್ ಉಳ್ಸೋಕೆ ಅಂತ ಡಬಲ್ ಎತ್ತರಕ್ಕೆ ಏರ್ಸಿದ್ವಿ. ಅಲ್ಲಿಗೂ ಬಂತು. ಆದ್ರೆ ಅಲ್ಲಿ ಅದಕ್ಕೇ ಸುಸ್ತಾಯ್ತು."

"ಚುಕ್ಕೆ ಐದು ಸೆಂಟಿಮೀಟರ್ ಅಂತ ಹೆಂಗೆ ಬಂತು?"

"ಅದು ಹಳೇ ಸೆಟ್ಟಿಂಗು ಸಾರ್. ಹಂಗೇ ಉಳ್ಕೊಂಡು, ಮಸುಕು ಚಿತ್ರಾನ ಐದರ ಚುಕ್ಕೆಗೆ ಹಿಗ್ಗಿಸೈತೆ."

ಏಜಾಜ್ ಅಹಮದ್ ಫೋನು ಇಟ್ಟು, ಡ್ರೋನ್ ಮತ್ತೆ ಹಾರಿಸಿ ಇಡೀ ಊರಿನ ಚಿತ್ರ ತೆಗೆಯಬೇಕು ಎಂದು ಟಿಪ್ಪಣಿ ಬರೆದರು. ಸಾಫ್ಟ್‌ವೇರ್ ವರದಿಯ ಮೇಲೂ ಅಡ್ಡ ಗೆರೆ ಎಳೆದರು. "ಸಹಿ ವಾಪಸ್ ತಗೊಂಡಿದ್ದಕ್ಕೆ ಆಧಾರ ಬೇಕಲ್ಲ ರಂಗಯ್ಯನವ್ರೇ. ಇದನ್ನ ಕಡತಕ್ಕೆ ಸೇರಿಸ್ಬೇಕಾಗ್ತದೆ." ಹಪ್ಪಳವನ್ನು ಮತ್ತೆ ಲಕೋಟೆಗೆ ಹಾಕಿ, ಮೇಲೆ 'ಲಗತ್ತು ಒಂದು' ಎಂದು ಬರೆದು, ಇರುವೆ ಬರದಂತೆ ಅಲ್ಮೆರಾದ ಮೇಲಿನ ಅಂಕಣದಲ್ಲಿಟ್ಟರು.

ಬಟವಾಡಿಯಲ್ಲಿ ರವೀಶ ಮುಖ ಊದಿಸಿಕೊಂಡು ಕೂತಿದ್ದ. ಬಾದುಷಾ ತರಿಸಿದ್ದು ದಂಡವಾಯಿತೆಂಬ ಕೊರಗು. "ಹಪ್ಪಳ ತಪ್ಪು ಹೇಳ್ತು ಅಂದ್ಮೇಲೆ ಮಾತು ಮಾತೇ" ಎಂದ.

"ಹಪ್ಪಳ ತಪ್ಪು ಹೇಳ್ಲಿಲ್ಲಪ್ಪ. ಅಳೀದೆ ಸಹಿ ಹಾಕಿದ ನಾನು ತಪ್ಪು. ಕುರ್ಚಿ ತಗೋ" ಎಂದು ವೆಂಕಟರಂಗಯ್ಯ ಎದ್ದು ನಿಂತರು. ಕೂರಲು ಬೇರೆ ಕುರ್ಚಿ ಇಲ್ಲದ ಕಾರಣ ನಿಂತೇ ಇದ್ದರು.

ಆಗ ಕೃತಿಕಾ ಬಾಯಿ ಬಿಟ್ಟಳು. "ಸಾಫ್ಟ್‌ವೇರೂ ತಪ್ಪು ಹೇಳ್ತು ಸರ್. ಅದು ತಪ್ಪು ಅಂತ ಅದಕ್ಕೆ ಇವತ್ತಿಗೂ ಗೊತ್ತಿಲ್ಲ. ಇವರಿಗೆ ಎರಡು ದಿನದಲ್ಲಿ ಗೊತ್ತಾಯ್ತಲ್ಲ." ಮತ್ತೆ ಹೇಳಿದಳು, "ಈ ಸಲ ನನ್ನ ನಕ್ಷತ್ರದ ಬಟ್ಟೆನೂ ಹಾಸೋಣ, ಹಪ್ಪಳಾನೂ ಇರ್ಲಿ. ಆದ್ರೆ ಹಾರ್ಸೋ ಮುಂಚೆ ಎರಡನ್ನೂ ಅಳೀಬೇಕು."

ರವೀಶ ಇಬ್ಬರ ಮುಖವನ್ನೂ ನೋಡಿದ. ಕುಣಿಗಲ್ಲಿನ ಅಧಿಕಾರಿ ಸಾಫ್ಟ್‌ವೇರ್ ವರದಿಯ ಮೇಲೆ ಎಳೆದ ಗೆರೆಯ ಸುದ್ದಿ ಅವನಿಗೂ ಮುಟ್ಟಿತ್ತು. "ಆಯ್ತು. ಕೊನೇ ಸಲ" ಎಂದ. ವೆಂಕಟರಂಗಯ್ಯ ಕೂತರು.

ಕೃತಿಕಾ ಬಟ್ಟೆಯನ್ನು ಕಂಬದಪಾಳ್ಯಕ್ಕೆ ತೆಗೆದುಕೊಂಡು ಹೋಗಿ, ತಾರಸಿಯ ಮೇಲೆ ಹಾಸಿ, ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟು ಬಂದಳು. ವೆಂಕಟರಂಗಯ್ಯ ಜೊತೆಗೆ ಹೋಗಿ ಡಬ್ಬಿಯ ಮುಚ್ಚಳ ಅಳೆದರು, ಪಕ್ಕದ ಸೀರೆಯ ಮೇಲಿನ ಹಪ್ಪಳ ಅಳೆದರು, ತಪ್ಪಲೆಯ ಮುಚ್ಚಳವನ್ನು ಎತ್ತಿ ಅಟ್ಟದ ಮೇಲೆ ಹಾಕಿಸಿದರು. "ಇನ್ನು ಏನೂ ಸಹಾಯ ಮಾಡ್ಬೇಡ ಗಂಗಾ. ದಮ್ಮಯ್ಯ."

"ನಾನೇನು ಮಾಡ್ತೀನಣ್ಣ" ಎಂದಳು ತಂಗಿ.

ಡ್ರೋನ್ ಮರುದಿನ ಹಾರಿತು. ಹದ್ದು ಬರಲಿಲ್ಲ. ಹಿಂದಿನ ಸಲದ ಆಯಾಸ ಇನ್ನೂ ಆರಿರಲಿಲ್ಲವೇನೋ. ಚಿತ್ರ ಬಂದಾಗ ಇಬ್ಬರೂ ಒಟ್ಟಿಗೆ ತಾರಸಿಗೆ ಇಳಿದರು. ಕರಿ ಸೀರೆ ಮೂಲೆಯಲ್ಲಿ ಮಡಿಸಿ ಬಿದ್ದಿತ್ತು.

"ಸರ್, ನನ್ನ ನಕ್ಷತ್ರ ಎಲ್ಲಿ?"

ನಕ್ಷತ್ರ ಇತ್ತು. ಅದರ ಮೇಲೆ ಸಾಲಿಗೆ ಹನ್ನೆರಡರಂತೆ ಹಪ್ಪಳ ಒಣಗುತ್ತಿದ್ದವು. ಒಂದು ಬದಿಯಲ್ಲಿ ಮಾತ್ರ ನಾಲ್ಕು ಕಿರಣ ಖಾಲಿ ಉಳಿದಿದ್ದವು, ಬಹುಶಃ ಹಿಟ್ಟು ಮುಗಿದಿತ್ತು. ಪಕ್ಕದಲ್ಲಿ ಸೆರಗು ಸರಿಮಾಡಿಕೊಂಡು ನಿಂತ ಒಂದು ಆಕೃತಿ ಆಕಾಶ ನೋಡುತ್ತಿತ್ತು.

ಕೃತಿಕಾ ಚಿತ್ರವನ್ನು ಹಿಗ್ಗಿಸಿದಳು. ಆಮೇಲೆ ಉಳಿದ ನಾಲ್ಕು ಕಿರಣಗಳನ್ನು ಹಿಡಿದು, ಅವು ಎಲ್ಲಿಯವರೆಗೆ ಬೇರೆಬೇರೆಯಾಗಿ ಕಾಣುತ್ತವೆಂದು ಅಳೆದು, ಚುಕ್ಕೆಗೆ ನಾಲ್ಕೂ ಮುಕ್ಕಾಲು ಸೆಂಟಿಮೀಟರ್ ಎಂದಳು. ವೆಂಕಟರಂಗಯ್ಯ ಹಪ್ಪಳ ಎಣಿಸಿ, ಒಂದನ್ನು ಅಳೆದು, ಮುದುರುವ ಪಟ್ಟಿ ತೆಗೆದು ಹೊತ್ತು ನೋಡಿ, "ಐದು" ಎಂದರು. ಗೋಡೆಯ ಅಂಚು ಚೊಕ್ಕವಾಗಿ ಕಂಡಿತು. ಹೊಂಬಾಳಮ್ಮನ ಬಚ್ಚಲು ಹೊಂಬಾಳಮ್ಮನಲ್ಲೇ ಉಳಿಯಿತು. ಸಾಫ್ಟ್‌ವೇರ್ ಮೊದಲಿನಂತೆಯೇ ಹಸಿರು ಟಿಕ್ಕು ಹಾಕಿತು. ಈ ಸಲ ಅದನ್ನು ಯಾರೂ ಕೇಳಿರಲಿಲ್ಲ.

ವೆಂಕಟರಂಗಯ್ಯ ರಿಜಿಸ್ಟರಿನಲ್ಲಿ ಬರೆದರು: 'ಗುರುತು: ಅಕ್ಕಿ ಹಪ್ಪಳ, ಹದಿನೈದು ಸೆಂ.ಮೀ. ಹಾರಾಟಕ್ಕೆ ಮುನ್ನ ಅಳೆಯಲಾಗಿದೆ.' ಕೆಳಗೆ ಸಹಿ ಹಾಕಿ ಗೆರೆ ಎಳೆದರು, ಸ್ವಲ್ಪ ಗಿಡ್ಡ ಗೆರೆ. ಅದರ ಕೆಳಗೆ ಕೃತಿಕಾಳೂ ಸಹಿ ಹಾಕಿದಳು. ರವೀಶ ಕುರ್ಚಿಯ ಮಾತು ಮತ್ತೆ ಎತ್ತಲಿಲ್ಲ. ಬಾದುಷಾವನ್ನೂ ತರಿಸಲಿಲ್ಲ.

ಸಂಜೆ ತಂಗಿಯ ಫೋನು ಬಂತು. "ಆ ಹುಡ್ಗಿ ಬಟ್ಟೆ ಭಾಳ ಚೆನ್ನಾಗೈತಣ್ಣ. ಒಂದೂ ಅಂಟ್ಕೊಳಲ್ಲ. ವಾಪಸ್ ಕೇಳ್ತಾಳಾ?"

ಹದಿನೈದು ದಿನದ ನಂತರ ಕುಣಿಗಲ್ಲಿನ ಕಚೇರಿಯಿಂದ ಒಪ್ಪಿಗೆ ಪತ್ರ ಬಂತು. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು: ಹಿಂದಿನ ಕಡತದ ಲಗತ್ತು ಒಂದು ಮಳೆಗಾಲದ ಮುಂಚಿನ ಅಲ್ಮೆರಾ ಸ್ವಚ್ಛತೆಯ ವೇಳೆ ಕಾಣೆಯಾಗಿದ್ದು, ಸಿಬ್ಬಂದಿ ಅದರ ಬಗ್ಗೆ ಒಳ್ಳೆಯ ಅಭಿಪ್ರಾಯ ವ್ಯಕ್ತಪಡಿಸಿರುವುದರಿಂದ, ದಾಖಲೆಗಾಗಿ ಅದರ ಆರು ಪ್ರತಿಗಳನ್ನು ಸಲ್ಲಿಸುವುದು.

ವೆಂಕಟರಂಗಯ್ಯ ಮನೆಗೆ ಹೋಗಿ ಪೆಟ್ಟಿಗೆಯಲ್ಲಿ ಉಳಿದಿದ್ದ ದೊಡ್ಡ ಹಪ್ಪಳಗಳಲ್ಲಿ ಆರನ್ನು ಆರಿಸಿದರು. ಕಳಿಸುವ ಮುನ್ನ ಟೇಪು ತಂದು ಆರನ್ನೂ ಅಳೆದರು.